ಹಾಸನ, ಚಿಕ್ಕಮಗಳೂರಿನಿಂದ ವಿಮಾನ ಹತ್ತುವವರಿಗೆ: ಪ್ರಯಾಣದ ಕಿರಿಕಿರಿಗಳನ್ನು ತಗ್ಗಿಸುವ ಸಮಗ್ರ ಮಾರ್ಗದರ್ಶಿ

ವಿಮಾನ ಪ್ರಯಾಣದ ಕಷ್ಟ ಎಂದಾಗ ಇಕ್ಕಟ್ಟಾದ ಸೀಟು, ಕಟ್ಟಿಕೊಳ್ಳುವ ಕಿವಿ, ತಡವಾಗುವ ಹಾರಾಟ, ಬಾರದೆ ಉಳಿಯುವ ಬ್ಯಾಗು ಮೊದಲು ನೆನಪಿಗೆ ಬರುತ್ತವೆ. ಬೆಂಗಳೂರಿನಲ್ಲಿ ಮನೆ ಇರುವವರಿಗೆ ಇವು ಅರ್ಧ ದಿನದ ತೊಂದರೆಗಳು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವರಿಗೆ ಹಾಗಲ್ಲ. ಇಲ್ಲಿಂದ ಹೊರಟವರು ವಿಮಾನ ನಿಲ್ದಾಣದ ಬಾಗಿಲಿಗೆ ಬರುವ ಹೊತ್ತಿಗೇ ನಾಲ್ಕೈದು ಗಂಟೆ ಕುಳಿತು ದಣಿದಿರುತ್ತಾರೆ. ಹಾರಾಟ ರದ್ದಾದರೆ ಮನೆಗೆ ಹೋಗಿ ಮರುದಿನ ಬರುತ್ತೇನೆ ಎನ್ನುವ ಅನುಕೂಲವೂ ಅವರಿಗಿಲ್ಲ. ಆದ್ದರಿಂದ ನಮ್ಮ ಕಡೆಯವರು ವಿಮಾನದ ಪ್ರಯಾಣವನ್ನು ಮನೆಯ ಬಾಗಿಲಿನಿಂದಲೇ ಲೆಕ್ಕ ಹಾಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತೊಂದರೆಗಳಲ್ಲಿ ಹೆಚ್ಚಿನವು ನೆಲದ ಮೇಲೆ, ಟಿಕೆಟ್ ಕಾಯ್ದಿರಿಸುವಾಗ ಮತ್ತು ಸಾಮಾನು ಕಟ್ಟುವಾಗಲೇ ಹುಟ್ಟುತ್ತವೆ. ಅಲ್ಲಿಯೇ ಅವುಗಳನ್ನು ತಪ್ಪಿಸಲೂ ಸಾಧ್ಯವಿದೆ. ಮುಂದಿನ ಹಂತಗಳನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ.

ಹಂತ 1: ನಿಲ್ದಾಣ ಮತ್ತು ಹೊತ್ತನ್ನು ಆರಿಸುವುದು

ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ಬಹಳ ವರ್ಷಗಳಿಂದ ಕೇಳಿಬರುತ್ತಿದ್ದರೂ ಸದ್ಯಕ್ಕೆ ನಮ್ಮವರು ನಂಬಬೇಕಾದದ್ದು ಮೂರು ನಿಲ್ದಾಣಗಳನ್ನು. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹಾಸನದಿಂದ ಸುಮಾರು 200 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿದೆ. ಮಂಗಳೂರು ನಿಲ್ದಾಣ ದೂರದ ಲೆಕ್ಕದಲ್ಲಿ ಹತ್ತಿರವಾದರೂ ನಡುವೆ ಘಾಟಿ ಇದೆ. 2023ರಲ್ಲಿ ಆರಂಭವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ತರೀಕೆರೆ, ಕಡೂರು ಕಡೆಯವರಿಗೆ ಅನುಕೂಲಕರವಾಗಿದೆ. ಆದರೆ ಅಲ್ಲಿಂದ ಹಾರುವ ವಿಮಾನಗಳು ಬೆರಳೆಣಿಕೆಯಷ್ಟು ಮಾತ್ರ. ಒಂದು ರದ್ದಾದರೆ ಅದೇ ದಿನ ಮತ್ತೊಂದು ಸಿಗುವುದು ಕಷ್ಟ.

ಗಲ್ಫ್ ದೇಶಗಳಿಗೆ ಹೋಗುವವರಲ್ಲಿ ಅನೇಕರು ಮಂಗಳೂರನ್ನು ಆರಿಸುತ್ತಾರೆ. ಚಳಿಗಾಲ ಮತ್ತು ಬೇಸಿಗೆಯಲ್ಲಿ ಅದು ಒಳ್ಳೆಯ ಆಯ್ಕೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಎರಡು ಸಲ ಯೋಚಿಸಬೇಕು. ಸಕಲೇಶಪುರದ ಆಚೆಗಿನ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ವಾಹನಗಳೆಲ್ಲ ಚಾರ್ಮಾಡಿಗೆ ತಿರುಗುತ್ತವೆ. ಚಾರ್ಮಾಡಿಯಲ್ಲೂ ಮಳೆ, ಮಂಜು, ಮಣ್ಣು ಕುಸಿತ ಇದ್ದೇ ಇರುತ್ತವೆ. ಅಂತಹ ದಿನಗಳಲ್ಲಿ ಚಿಕ್ಕಮಗಳೂರಿನವರು ಶೃಂಗೇರಿ, ಕೆರೆಕಟ್ಟೆ, ಕಾರ್ಕಳದ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು. ಮಂಗಳೂರಿನ ರನ್‌ವೇ ಗುಡ್ಡದ ತುದಿಯ ಮೇಲಿರುವುದರಿಂದ ಜೋರು ಮಳೆಯಲ್ಲಿ ಕಣ್ಣಿಗೆ ದಾರಿ ಕಾಣದಿದ್ದರೆ ಪೈಲಟ್‌ಗಳು ಇಳಿಯುವ ಸಾಹಸ ಮಾಡದೆ ವಿಮಾನವನ್ನು ಬೇರೆ ನಿಲ್ದಾಣಕ್ಕೆ ಒಯ್ಯುತ್ತಾರೆ. ಅದು ಸರಿಯಾದ ನಿರ್ಧಾರವೇ, ಆದರೆ ಮಂಗಳೂರು ನಿಲ್ದಾಣವಿರುವ ಬಜ್ಪೆಯಲ್ಲಿ ಕಾದು ನಿಂತ ಮನೆಯವರಿಗೆ ಆ ರಾತ್ರಿ ಬಹಳ ಉದ್ದವಾಗುತ್ತದೆ.

ಹೊತ್ತಿನ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಸಲಹೆ, ದಿನದ ಮೊದಲ ವಿಮಾನ ಹಿಡಿಯಿರಿ ಎಂಬುದು. ಅದಕ್ಕೆ ಕಾರಣವಿದೆ: ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಓಡಾಡುವುದರಿಂದ ಬೆಳಗಿನ ತಡ ಸಂಜೆಗೆ ಬೆಳೆದು ನಿಲ್ಲುತ್ತದೆ. ಆದರೆ ಬೆಳಗಿನ ಆರೂವರೆಯ ವಿಮಾನಕ್ಕೆ ಹಾಸನದವರು ರಾತ್ರಿ ಹನ್ನೊಂದೂವರೆಗೆ ಹೊರಡಬೇಕಾಗುತ್ತದೆ, ಕಾರು ಓಡಿಸುವವನಿಗೂ ನಿದ್ದೆ ಇರುವುದಿಲ್ಲ, ಕುಳಿತವರಿಗೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯಲ್ಲಿ ಬೆಳಗಿನ ಜಾವದ ಮಂಜು ಬೇರೆ. ನಮಗೆ ಹೊಂದುವ ಹೊತ್ತು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರ ನಡುವಿನದು: ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ದಾರಿಯಲ್ಲಿ ತಿಂಡಿ ತಿಂದು, ಸಮಾಧಾನದಿಂದ ತಲುಪಬಹುದು. ಹಿಂದಿರುಗುವಾಗ ಮಧ್ಯಾಹ್ನ ಮೂರು, ನಾಲ್ಕರೊಳಗೆ ಬೆಂಗಳೂರಿನಲ್ಲಿ ಇಳಿಯುವ ವಿಮಾನ ಮೇಲು. ರಾತ್ರಿ ಹತ್ತರ ಮೇಲೆ ಇಳಿದು, ಹೆದ್ದಾರಿಯಲ್ಲಿ ಬೆಳಗಿನ ಜಾವದವರೆಗೆ ಕಾರು ಓಡಿಸುವುದಕ್ಕಿಂತ ಬೆಂಗಳೂರಿನ ನೆಂಟರ ಮನೆಯಲ್ಲೋ ವಸತಿಗೃಹದಲ್ಲೋ ಮಲಗಿ ಬೆಳಿಗ್ಗೆ ಹೊರಡುವುದೇ ಸರಿ. ಉಳಿತಾಯವಾಗುವ ಟಿಕೆಟ್ ಹಣಕ್ಕಿಂತ ಜೀವ ದೊಡ್ಡದು.

ಹಂತ 2: ಟಿಕೆಟ್ ಕಾಯ್ದಿರಿಸುವಾಗ ಹೆಸರು, ಮೊಬೈಲ್ ಸಂಖ್ಯೆ, ಸಂಪರ್ಕ ವಿಮಾನ

ನಮ್ಮ ಹೆಸರುಗಳ ಇನಿಷಿಯಲ್ ದೊಡ್ಡ ತಲೆನೋವು. ಆಧಾರ್‌ನಲ್ಲಿ ಒಂದು ಬಗೆ, ಮತದಾರರ ಚೀಟಿಯಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ತಂದೆಯ ಹೆಸರು ಸೇರಿಸಿದ ಮತ್ತೊಂದು ಬಗೆ ಇರುತ್ತದೆ. ದೇಶದೊಳಗಿನ ಪ್ರಯಾಣಕ್ಕೆ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವಂತೆ, ವಿದೇಶಕ್ಕೆ ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರ ಅಕ್ಷರ ನೋಡಿ ಹೆಸರು ತುಂಬಬೇಕು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಉಪನಾಮದ ಜಾಗ ಖಾಲಿ ಇದ್ದವರು ಟಿಕೆಟ್ ಕೊಳ್ಳುವ ಮೊದಲೇ ಹೋಗಬೇಕಾದ ದೇಶದ ನಿಯಮ ವಿಚಾರಿಸಬೇಕು. ಸಂಯುಕ್ತ ಅರಬ್ ಸಂಸ್ಥಾನ (ಯುಎಇ) 2022ರ ನವೆಂಬರ್‌ನಲ್ಲಿ ಇಂತಹ ಪಾಸ್‌ಪೋರ್ಟ್ ಹೊಂದಿದ ಸಂದರ್ಶಕರ ಮೇಲೆ ನಿರ್ಬಂಧ ಹೇರಿತ್ತು. ಕಾಗುಣಿತದ ತಪ್ಪು ಕಂಡರೆ ಆ ಹೊತ್ತೇ ತಿಳಿಸಬೇಕು. ವಿಮಾನ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಕೊಂಡ ಟಿಕೆಟ್ಟಾದರೆ, 24 ಗಂಟೆಯೊಳಗೆ ತಿಳಿಸಿದ ಸಣ್ಣ ತಪ್ಪನ್ನು ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂಬ ನಿಯಮವಿದೆ.

ಏಜೆಂಟರ ಮೂಲಕ ಟಿಕೆಟ್ ಮಾಡಿಸುವವರು ಅದರಲ್ಲಿ ನಮೂದಾಗುವ ಮೊಬೈಲ್ ಸಂಖ್ಯೆ ತಮ್ಮದೇ ಎಂದು ಖಚಿತಪಡಿಸಿಕೊಳ್ಳಬೇಕು. ಏಜೆಂಟರ ಸಂಖ್ಯೆ ಇದ್ದರೆ, ಹಾರಾಟ ರದ್ದಾದ ಸಂದೇಶ ಅವರ ಮೊಬೈಲಿಗೆ ಹೋಗುತ್ತದೆ. ನೀವು ಅಷ್ಟರಲ್ಲಿ ಚನ್ನರಾಯಪಟ್ಟಣ ದಾಟಿರುತ್ತೀರಿ. ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ರದ್ದತಿಯ ಪರಿಹಾರ ಕೊಡಬೇಕಾಗಿಲ್ಲ ಎಂದು ನಿಯಮವೇ ಹೇಳುತ್ತದೆ.

ದೆಹಲಿಯಲ್ಲೋ ಮುಂಬೈಯಲ್ಲೋ ವಿಮಾನ ಬದಲಿಸಿ ಹೋಗುವವರು ಎರಡೂ ಹಾರಾಟಗಳನ್ನು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಕಾಯ್ದಿರಿಸಬೇಕು. ಹಾಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಕ್ಕೆ ಕಳಿಸುವ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಕೊಂಡವರಿಗೆ ಆ ರಕ್ಷಣೆ ಇಲ್ಲ, ಎರಡನೆಯ ಸಂಸ್ಥೆ ಅವರನ್ನು ಬಾರದೆ ಉಳಿದವರೆಂದೇ ಎಣಿಸುತ್ತದೆ.

ಸೀಟಿನ ಬಗ್ಗೆ ಎರಡು ಮಾತು ಸಾಕು. ರೆಕ್ಕೆಯ ಹತ್ತಿರದ ಸಾಲುಗಳಲ್ಲಿ ಕುಲುಕಾಟ ಕಡಿಮೆ. ಮೊಣಕಾಲು ನೋವಿರುವವರಿಗೆ, ಪದೇ ಪದೇ ಎದ್ದು ಹೋಗಬೇಕಾದವರಿಗೆ ಓಣಿಯ ಬದಿಯ ಸೀಟು ಒಳ್ಳೆಯದು. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚಿದ್ದರೂ ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಅಲ್ಲಿ ಕೂರಲು ಅವಕಾಶವಿಲ್ಲ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದ ಸೀಟು ಕೊಡಬೇಕೆಂದು ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರಲ್ಲಿ ಸೂಚಿಸಿದೆ. ಆದ್ದರಿಂದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದರೆ ಹಣ ಕಟ್ಟಲೇಬೇಕು ಎಂದು ಯಾರಾದರೂ ಹೇಳಿದರೆ ಈ ಸೂಚನೆಯನ್ನು ನೆನಪಿಸಿ.

ಹಂತ 3: ಸಾಮಾನು ಕಟ್ಟುವುದು

ನಿಲ್ದಾಣದ ಕೌಂಟರ್ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಟ್ಟು, ಸೀರೆಗಳ ನಡುವಿನಿಂದ ಚಟ್ನಿಪುಡಿಯ ಪೊಟ್ಟಣ, ನಿಪ್ಪಟ್ಟಿನ ಡಬ್ಬಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಒಂದೊಂದಾಗಿ ಹೊರಗಿಡುತ್ತಿರುವ ತಾಯಂದಿರನ್ನು ನೋಡಿದರೆ ಸಂಕಟವಾಗುತ್ತದೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಮಗ ಸುಮ್ಮನಿರಮ್ಮ ಎನ್ನುತ್ತಿರುತ್ತಾನೆ, ವಾರವಿಡೀ ಮಾಡಿಟ್ಟ ತಿಂಡಿ ಕೊನೆಗೆ ಬೀಳ್ಕೊಡಲು ಬಂದವರ ಕೈ ಸೇರುತ್ತದೆ. ಇಷ್ಟಕ್ಕೆಲ್ಲ ಕಾರಣ ಮನೆಯಲ್ಲಿ ತೂಕ ನೋಡದೆ ಇರುವುದು.

ದೇಶದೊಳಗಿನ ಹೆಚ್ಚಿನ ಟಿಕೆಟ್‌ಗಳಲ್ಲಿ ಕೌಂಟರ್‌ನಲ್ಲಿ ಕೊಟ್ಟು ಒಳಗೆ ಕಳಿಸುವ ಬ್ಯಾಗಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ಮಿತಿ ಇರುತ್ತದೆ. ವಿದೇಶಕ್ಕೆ ಸಂಸ್ಥೆ ಮತ್ತು ಟಿಕೆಟ್ ದರ್ಜೆಯ ಮೇಲೆ ಅದು ಬದಲಾಗುತ್ತದೆ, ಟಿಕೆಟ್‌ನಲ್ಲಿಯೇ ಬರೆದಿರುತ್ತದೆ. ಒಂದೇ ಬ್ಯಾಗು 32 ಕಿಲೋ ಮೀರಿದರೆ ಹಣ ಕಟ್ಟಿದರೂ ತೆಗೆದುಕೊಳ್ಳುವುದಿಲ್ಲ, ಎರಡಾಗಿ ಮಾಡಬೇಕಾಗುತ್ತದೆ. ಮನುಷ್ಯರ ತೂಕ ನೋಡುವ ಸಣ್ಣ ಯಂತ್ರ ಮನೆಯಲ್ಲಿದ್ದರೆ ಸಾಕು: ಬ್ಯಾಗು ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ವ್ಯತ್ಯಾಸ ನೋಡಿ, ಮಿತಿಗಿಂತ ಒಂದು ಕಿಲೋ ಕಡಿಮೆಗೆ ನಿಲ್ಲಿಸಬೇಕು. ಹೆಚ್ಚು ತೂಕ ಬೇಕೇ ಬೇಕು ಎಂದಾದರೆ ಮುಂಚಿತವಾಗಿ ಜಾಲತಾಣದಲ್ಲಿ ಕೊಳ್ಳುವುದು ಕೌಂಟರ್‌ನಲ್ಲಿ ಕಟ್ಟುವುದಕ್ಕಿಂತ ಅಗ್ಗ.

ನಮ್ಮ ಕಡೆಯ ಪದಾರ್ಥಗಳ ವಿಷಯದಲ್ಲಿ ತೂಕಕ್ಕಿಂತ ಮುಖ್ಯವಾದ ನಿಯಮಗಳಿವೆ, ಅವು ಅನೇಕರಿಗೆ ಗೊತ್ತಿಲ್ಲ.

ಮೊದಲನೆಯದು ಕೊಬ್ಬರಿ. ಅರಸೀಕೆರೆ, ಚನ್ನರಾಯಪಟ್ಟಣದ ಮನೆಗಳಿಂದ ಕೊಬ್ಬರಿ ಗಿಟುಕು ಇಲ್ಲದೆ ಮಕ್ಕಳನ್ನು ಕಳಿಸುವುದೇ ಇಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು, ಬಿಸಿಯಾದಾಗ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಅದನ್ನು ವಿಮಾನಯಾನದ ಸುರಕ್ಷತಾ ನಿಯಮಗಳು ಸೇರಿಸಿವೆ. ಇಡೀ ಗಿಟುಕನ್ನು ಕೈಚೀಲದಲ್ಲಾಗಲಿ ಒಳಗೆ ಕಳಿಸುವ ಬ್ಯಾಗಿನಲ್ಲಾಗಲಿ ಇಡಬಾರದು. ಬ್ಯಾಗು ಎಕ್ಸ್‌ರೇ ಯಂತ್ರ ದಾಟುವಾಗ ದುಂಡನೆಯ ಆಕಾರ ಸ್ಪಷ್ಟವಾಗಿ ಕಾಣುತ್ತದೆ, ನಿಮ್ಮನ್ನು ಕರೆಸಿ ತೆಗೆಸುತ್ತಾರೆ, ಅಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ.

ಎರಡನೆಯದು ಗಸಗಸೆ. ಇದು ಕಿರಿಕಿರಿಯ ಮಟ್ಟದ ವಿಷಯವೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಪಾಯಸಕ್ಕೆಂದು ಒಂದು ಹಿಡಿ ಕಟ್ಟಿಕೊಟ್ಟರೂ, ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಅಪಾಯ. ಗಲ್ಫ್‌ಗೆ ಹೊರಟವರ ಬ್ಯಾಗನ್ನು ಮನೆಯ ಹಿರಿಯರು ಕಟ್ಟುವುದಾದರೆ ಈ ಒಂದು ಮಾತನ್ನು ಅವರಿಗೆ ಕೂರಿಸಿ ಹೇಳಿ. ವೀಳ್ಯದೆಲೆ ಮತ್ತು ಅಡಿಕೆಯನ್ನೂ ಯುಎಇಗೆ ಒಯ್ಯುವಂತಿಲ್ಲ. ಯಾರದೋ ನೆಂಟರಿಗೆ ತಲುಪಿಸಿ ಎಂದು ಕೊಟ್ಟ ಮುಚ್ಚಿದ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬಾರದು. ದಾಕ್ಷಿಣ್ಯಕ್ಕೆ ಇಲ್ಲಿ ಜಾಗವಿಲ್ಲ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿಗೂ ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟು ಇರುವುದರಿಂದ ವೈದ್ಯರ ಚೀಟಿ ಜೊತೆಗಿರಬೇಕು, ಕೆಲವಕ್ಕೆ ಮುಂಚಿತ ಅನುಮತಿಯೂ ಬೇಕು.

ಉಪ್ಪಿನಕಾಯಿ, ತುಪ್ಪ, ಜೇನು ಇವನ್ನು ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿಲೀಟರ್ ಮೀರಿದ ದ್ರವದ ಬಾಟಲಿ ಕೈಚೀಲದಲ್ಲಿ ಹೋಗುವುದಿಲ್ಲ. ಖಾರದ ಪುಡಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ, ಅಡಕತ್ತರಿ, ಚಾಕುಗಳನ್ನಂತೂ ಇಲ್ಲವೇ ಇಲ್ಲ. ಚಿಕ್ಕಮಗಳೂರಿನ ಕಾಫಿ ಪುಡಿಗೆ ಅಡ್ಡಿಯಿಲ್ಲ, ಆದರೆ ಅಂಗಡಿಯಲ್ಲಿ ಆಗಷ್ಟೇ ಬೀಸಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡ ಪುಡಿಗಿಂತ ಯಂತ್ರದಲ್ಲಿ ಮುಚ್ಚಿದ, ಹೆಸರು ಮುದ್ರಿಸಿದ ಪ್ಯಾಕೆಟ್ ಒಯ್ಯುವುದು ಕ್ಷೇಮ. ಅಮೆರಿಕಕ್ಕೆ ಹೋಗುವವರು ಹೆಚ್ಚಿನ ಪ್ರಮಾಣದ ಪುಡಿಯನ್ನು ಕೈಚೀಲದಲ್ಲಿಟ್ಟರೆ ಪ್ರತ್ಯೇಕ ತಪಾಸಣೆ ಆಗುತ್ತದೆ, ಒಳಗೆ ಕಳಿಸುವ ಬ್ಯಾಗಿನಲ್ಲಿಡುವುದೇ ಸುಲಭ. ಪವರ್‌ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು. 100 ವ್ಯಾಟ್‌ಅವರ್, ಅಂದರೆ ಸುಮಾರು 27,000 ಎಂಎಎಚ್ ಒಳಗಿನದಕ್ಕೆ ಅನುಮತಿ ಬೇಕಾಗಿಲ್ಲ.

ದಿನವೂ ತೆಗೆದುಕೊಳ್ಳುವ ಮಾತ್ರೆ, ಒಂದು ಜೊತೆ ಬಟ್ಟೆ, ಚಿನ್ನ, ಕಾಗದಪತ್ರ ಎಂದಿಗೂ ಕೈಚೀಲದಲ್ಲಿರಲಿ. ಬ್ಯಾಗಿನ ಹೊರಗೂ ಒಳಗೂ ಹೆಸರು, ಮೊಬೈಲ್ ಸಂಖ್ಯೆ ಬರೆದಿಟ್ಟು, ಮುಚ್ಚುವ ಮುನ್ನ ಮತ್ತು ಮುಚ್ಚಿದ ಮೇಲೆ ಒಂದೊಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ದೂರು ಕೊಡಬೇಕಾದಾಗ ಅದೇ ಸಾಕ್ಷಿಯಾಗುತ್ತದೆ.

ಹಂತ 4: ಹಿಂದಿನಿಂದ ಗಡಿಯಾರ ಎಣಿಸುವುದು

ಬೆಂಗಳೂರಿನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ವಿದೇಶಿ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಚೆಕ್‌ಇನ್ ಕೌಂಟರ್ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಅಥವಾ ಅದಕ್ಕೂ ಮೊದಲೇ ಮುಚ್ಚುತ್ತದೆ, ಇಮಿಗ್ರೇಷನ್ ಸಾಲು ಆ ಹೊತ್ತಿಗೆ ಉದ್ದವಾಗಿರುತ್ತದೆ, ಹೀಗಾಗಿ ರಾತ್ರಿ ಒಂದರೊಳಗೆ ನಿಲ್ದಾಣದಲ್ಲಿರಬೇಕು. ಚಿಕ್ಕಮಗಳೂರಿನಿಂದ ಊಟದ ಬಿಡುವೂ ಸೇರಿ ಐದೂವರೆ ಆರು ಗಂಟೆ. ಟಯರ್ ಪಂಕ್ಚರ್, ರಸ್ತೆ ಕೆಲಸ, ಮಳೆಗೆಂದು ಇನ್ನೊಂದು ಗಂಟೆ. ಅಂದರೆ ಸಂಜೆ ಆರಕ್ಕೆ ಮನೆ ಬಿಡಬೇಕು. ಟಿಕೆಟ್‌ನಲ್ಲಿರುವ ದಿನಾಂಕಕ್ಕಿಂತ ಒಂದು ದಿನ ಮೊದಲಿನ ಸಂಜೆ ಅದು, ಈ ಒಂದು ಲೆಕ್ಕ ತಪ್ಪಿ ವಿಮಾನ ಕಳೆದುಕೊಂಡವರು ಇದ್ದಾರೆ. ದೇಶದೊಳಗಿನ ಹಾರಾಟಕ್ಕೆ ಎರಡು ಗಂಟೆ ಮೊದಲು ತಲುಪಿದರೆ ಸಾಕು. ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು, ಹತ್ತುವ ಬಾಗಿಲು 25 ನಿಮಿಷ ಮೊದಲು ಮುಚ್ಚುತ್ತವೆ.

ಸಂಜೆಯ ಹೊತ್ತು ನೆಲಮಂಗಲದಿಂದ ಯಶವಂತಪುರ, ಹೆಬ್ಬಾಳದ ಮೂಲಕ ಹೋದರೆ ಆ ದಾರಿಯೇ ಎರಡು ಗಂಟೆ ನುಂಗಬಹುದು. ನೆಲಮಂಗಲದಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿಯ ದಾರಿ ಹಿಡಿದರೆ ನಗರವನ್ನು ಪೂರ್ತಿ ತಪ್ಪಿಸಬಹುದು. ಕಡೂರು, ತಿಪಟೂರು, ತುಮಕೂರಿನ ಕಡೆಯಿಂದ ಬರುವವರು ದಾಬಸ್‌ಪೇಟೆಯಲ್ಲೇ ದೊಡ್ಡಬಳ್ಳಾಪುರದ ಹೆದ್ದಾರಿಗೆ ತಿರುಗಬಹುದು. ಬಸ್ಸಿನಲ್ಲಿ ಬರುವವರಿಗೆ ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸುಗಳು ರಾತ್ರಿಯಿಡೀ ಇರುತ್ತವೆ. ಬಾಡಿಗೆ ಕಾರು ಗೊತ್ತು ಮಾಡುವಾಗ ಹಿಂದಿರುಗುವ ವಿಮಾನ ತಡವಾದರೆ ವೇಟಿಂಗ್ ಎಷ್ಟು, ಡ್ರೈವರ್ ಬಾಟಾ ಎಷ್ಟು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಬೆಂಗಳೂರಿನ ಎಲ್ಲ ಅಂತರರಾಷ್ಟ್ರೀಯ ಹಾರಾಟಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ಬಂದಿವೆ. ದೇಶದೊಳಗಿನವು ಸಂಸ್ಥೆಗೆ ತಕ್ಕಂತೆ ಎರಡರಲ್ಲೂ ಇವೆ. ಟಿಕೆಟ್‌ನಲ್ಲಿ ಟಿ1, ಟಿ2 ಎಂದಿರುವುದನ್ನು ನೋಡಿ ಡ್ರೈವರ್‌ಗೆ ಮೊದಲೇ ಹೇಳಿ. ಮನೆಯಿಂದಲೇ ವೆಬ್ ಚೆಕ್‌ಇನ್ ಮಾಡಿರಿ, ದೇಶದೊಳಗಿನ ಪ್ರಯಾಣಕ್ಕೆ ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಆ್ಯಪ್ ಇದ್ದರೆ ಪ್ರವೇಶದ ಸಾಲು ಚಿಕ್ಕದಾಗುತ್ತದೆ. ನಡೆಯಲು ಕಷ್ಟಪಡುವ ಹಿರಿಯರಿಗೆ ಗಾಲಿಕುರ್ಚಿಯ ಸೇವೆಯನ್ನು 48 ಗಂಟೆ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಹಿರಿಯರು ಬೇಡ, ನಡೆದುಬಿಡುತ್ತೇನೆ ಎನ್ನುವುದು ಹೆಚ್ಚು. ಎರಡನೆಯ ಟರ್ಮಿನಲ್‌ನಲ್ಲಿ ಬಾಗಿಲಿನಿಂದ ವಿಮಾನದವರೆಗೆ ನಡೆಯುವ ದೂರ ಕಡಿಮೆಯಲ್ಲ, ಐದು ಗಂಟೆ ಕಾರಿನಲ್ಲಿ ಕುಳಿತು ಊದಿಕೊಂಡ ಕಾಲಿಗೆ ಅದು ಸಲ್ಲದು.

ಹಂತ 5: ವಿಮಾನದೊಳಗೆ ದೇಹವನ್ನು ನೋಡಿಕೊಳ್ಳುವುದು

ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳು ಆರರಿಂದ ಎಂಟು ಸಾವಿರ ಅಡಿ ಎತ್ತರದ ಮಟ್ಟದಲ್ಲಿ ಇರಿಸುತ್ತವೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅಂದರೆ 6,300 ಅಡಿಗಿಂತ ಸ್ವಲ್ಪ ಮೇಲೆ. ಹೀಗಾಗಿ ವಿಮಾನದಲ್ಲಿ ಕುಳಿತಷ್ಟು ಹೊತ್ತೂ ನಿಮ್ಮ ದೇಹ ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕಿಂತ ತುಸು ಮೇಲೋ ಇರುತ್ತದೆ. ಗಿರಿ ಹತ್ತುವುದಕ್ಕೆ ವೈದ್ಯರು ಬೇಡವೆಂದಿರುವ ಹೃದಯ ಅಥವಾ ಶ್ವಾಸಕೋಶದ ರೋಗಿಗಳು ವಿಮಾನ ಹತ್ತುವ ಮೊದಲೂ ಅದೇ ವೈದ್ಯರನ್ನು ಕೇಳಬೇಕು.

ಕಿವಿ ಕಟ್ಟುವುದು ನಮಗೆ ಹೊಸ ಅನುಭವವಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ತಿರುವು ತಿರುವಿಗೂ ಕಿವಿ ಮುಚ್ಚಿ, ಉಗುಳು ನುಂಗಿದಾಗ ಟಕ್ಕೆಂದು ತೆರೆದುಕೊಳ್ಳುತ್ತದಲ್ಲ, ವಿಮಾನದಲ್ಲಿ ಆಗುವುದೂ ಅದೇ. ಮಧ್ಯಕಿವಿಯನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ಯುಸ್ಟೇಷಿಯನ್ ನಾಳ ಏರುವಾಗ ಸುಲಭವಾಗಿ ಗಾಳಿ ಹೊರಬಿಡುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುವುದರಿಂದ ಅದರ ಬಾಯಿ ಒತ್ತಿಕೊಂಡು ಗಾಳಿ ಒಳಗೆ ಹೋಗುವುದಿಲ್ಲ. ಆದ್ದರಿಂದಲೇ ನೋವು ಕಾಣಿಸುವುದು ಇಳಿಯುವಾಗ, ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲಿನಿಂದ. ಆ ಹೊತ್ತಿಗೆ ಎಚ್ಚರವಾಗಿರಬೇಕು, ಏಕೆಂದರೆ ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಪೆಪ್ಪರ್‌ಮಿಂಟ್ ಚೀಪುತ್ತಾ, ಆಕಳಿಸುತ್ತಾ, ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಇದ್ದರೆ ಹೆಚ್ಚಿನವರಿಗೆ ಸಾಕು. ಆಗದಿದ್ದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನೊಳಗೆ ಗಾಳಿ ಒತ್ತಬೇಕು. ಜೋರು ಮಾಡಿದರೆ ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಹಸುಗೂಸುಗಳಿಗೆ ಇಳಿಯುವ ಹೊತ್ತಿನಲ್ಲಿ ಎದೆಹಾಲು ಅಥವಾ ಬಾಟಲಿ ಕೊಟ್ಟರೆ ಅಳು ತಾನಾಗಿ ನಿಲ್ಲುತ್ತದೆ. ಜೋರು ನೆಗಡಿ ಇರುವವರು ಸಾಧ್ಯವಾದರೆ ಪ್ರಯಾಣ ಮುಂದಕ್ಕೆ ಹಾಕಬೇಕು. ಸಾಧ್ಯವಾಗದಿದ್ದರೆ ಮೂಗಿನ ಹನಿಯ ಬಗ್ಗೆ ವೈದ್ಯರನ್ನು ಕೇಳಿ, ಇಳಿಯಲು ಆರಂಭಿಸುವ ಮುನ್ನ ಹಾಕಿಕೊಳ್ಳಬೇಕು.

ಕಡಿಮೆ ಒತ್ತಡದಲ್ಲಿ ಹೊಟ್ಟೆಯ ಗಾಳಿಯೂ ಸುಮಾರು ನಾಲ್ಕನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆ ಸಾರು ಉಂಡು, ದಾರಿಯಲ್ಲಿ ಬೋಂಡಾ ತಿಂದು, ಸೋಡಾ ಕುಡಿದು ಹತ್ತಿದವರಿಗೆ ಆಗುವ ಹೊಟ್ಟೆಯುಬ್ಬರಕ್ಕೆ ಇದೇ ಕಾರಣ. ಇಡ್ಲಿ, ಕಡುಬು, ಮೊಸರನ್ನ ಒಳ್ಳೆಯದು. ಒಳಗಿನ ಗಾಳಿಯಲ್ಲಿ ತೇವಾಂಶ ಶೇ 20ಕ್ಕಿಂತ ಕಡಿಮೆ ಇರುವುದರಿಂದ ಗಂಟಲು, ಕಣ್ಣು, ತುಟಿ ಒಣಗುತ್ತವೆ. ಖಾಲಿ ಬಾಟಲಿಯನ್ನು ತಪಾಸಣೆ ದಾಟಿಸಿ ಒಳಗಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಿ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಕೂರುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಹೆಚ್ಚು, ಅದು ಕಾಲಿನ ರಕ್ತನಾಳಗಳಿಗೂ ಕೆಟ್ಟದ್ದು.

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ಆರೋಗ್ಯವಂತರಲ್ಲಿ ಆ ಸಾಧ್ಯತೆ ಒಟ್ಟಾರೆ ಕಡಿಮೆಯೇ, ಆರು ಸಾವಿರದಲ್ಲಿ ಒಬ್ಬರಷ್ಟು. ಆದರೆ ಆ ಅಧ್ಯಯನ ವಿಮಾನದ ಜೊತೆಗೆ ಬಸ್ಸು, ಕಾರು, ರೈಲನ್ನೂ ಸೇರಿಸಿಯೇ ಹೇಳಿದೆ, ನಾವು ವಿಮಾನ ಹತ್ತುವ ಮೊದಲೇ ಕಾರಿನಲ್ಲಿ ಐದು ಗಂಟೆ ಕುಳಿತಿರುತ್ತೇವೆ. ದಾರಿಯಲ್ಲಿ ಒಂದೆರಡು ಕಡೆ ಇಳಿದು ಹತ್ತು ನಿಮಿಷ ನಡೆಯಿರಿ, ನಿಲ್ದಾಣದಲ್ಲಿ ಓಡಾಡಿ, ವಿಮಾನದಲ್ಲಿ ಗಂಟೆಗೊಮ್ಮೆ ಹಿಮ್ಮಡಿ, ಬೆರಳುಗಳನ್ನು ಮೇಲೆ ಕೆಳಗೆ ಆಡಿಸಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಒತ್ತಡದ ಕಾಲುಚೀಲದ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಕುಲುಕಾಟಕ್ಕೆ ಹೆದರುವವರು ತಿಳಿಯಬೇಕಾದದ್ದು ಇಷ್ಟೇ: ವಿಮಾನದ ರಚನೆ ಅದನ್ನು ತಡೆಯುವಂತೆಯೇ ಇರುತ್ತದೆ, ಗಾಯವಾಗುವುದು ಬಹುತೇಕ ಬೆಲ್ಟ್ ಹಾಕದವರಿಗೆ. ಬೆಲ್ಟ್ ಸೂಚನೆಯ ದೀಪ ಆರಿದ್ದರೂ ಕುಳಿತಿರುವಾಗ ಬೆಲ್ಟ್ ಬಿಚ್ಚಬೇಡಿ.

ಹಂತ 6: ತಡವಾದಾಗ, ರದ್ದಾದಾಗ

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದಾದ್ಯಂತ ಸಾವಿರಾರು ಹಾರಾಟಗಳು ರದ್ದಾಗಿ ಜನ ನಿಲ್ದಾಣದ ನೆಲದ ಮೇಲೆ ಮಲಗಿದ್ದನ್ನು ಎಲ್ಲರೂ ನೋಡಿದ್ದಾರೆ. ಅಂತಹ ಹೊತ್ತಿನಲ್ಲಿ ಕೌಂಟರ್‌ನಲ್ಲಿ ಕೂಗಾಡುವವರಿಗಿಂತ ನಿಯಮದ ಅಂಕಿ ಅಂಶ ಹೇಳಿ ಕೇಳುವವರಿಗೆ ಉತ್ತರ ಬೇಗ ಸಿಗುತ್ತದೆ. ಡಿಜಿಸಿಎ ನಿಯಮದ ಮುಖ್ಯ ಅಂಶಗಳು ಹೀಗಿವೆ.

ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟ ಮೂರು ಗಂಟೆ ತಡವಾದರೆ, ಉಳಿದವು ನಾಲ್ಕು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರುವ ತಡವಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. 24 ಗಂಟೆ ಮೀರಿದರೆ, ಅಥವಾ ರಾತ್ರಿ ಎಂಟರಿಂದ ಬೆಳಗಿನ ಮೂರರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆ ಮೀರಿ ತಡವಾದರೆ ವಸತಿ ಕೊಡಬೇಕು. ಊರು ದೂರವಿರುವ ನಮ್ಮವರು ಈ ಕೊನೆಯದನ್ನು ಮರೆಯದೆ ಕೇಳಬೇಕು.

ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಬದಲಿ ವಿಮಾನ ಅಥವಾ ಹಣ ವಾಪಸಿನ ಜೊತೆಗೆ ಪರಿಹಾರವೂ ಇದೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕಿಂತ ಹೆಚ್ಚಿನದಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿ ನಿಮ್ಮನ್ನು ಬಿಟ್ಟು ಹೋದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಲ್ಲಿ, ಪರಿಹಾರ 10,000ದಿಂದ 20,000 ರೂಪಾಯಿಯ ಮಿತಿಯವರೆಗೆ ಹೋಗುತ್ತದೆ. ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯ ಕಾರಣಗಳಿಗೆ ಪರಿಹಾರ ಕೊಡಬೇಕಾಗಿಲ್ಲ. ಆದರೆ ರದ್ದಾದ ಟಿಕೆಟ್‌ನ ಹಣ ಕೇಳುವ ಹಕ್ಕು ಆಗಲೂ ಉಳಿಯುತ್ತದೆ.

ಹಾರಾಟ ರದ್ದಾಗುವ ಸೂಚನೆ ಕಂಡಾಗ ಗಾಬರಿಯಿಂದ ನೀವೇ ಟಿಕೆಟ್ ರದ್ದು ಮಾಡಬೇಡಿ. ನೀವು ರದ್ದು ಮಾಡಿದರೆ ಶುಲ್ಕ ಕಡಿತವಾಗುತ್ತದೆ, ಸಂಸ್ಥೆಯೇ ಮಾಡಿದರೆ ಪೂರ್ತಿ ಹಣ ಬರುತ್ತದೆ. ಸಂದೇಶಗಳನ್ನು ಅಳಿಸದಿರಿ, ಫಲಕದ ಫೋಟೊ ತೆಗೆಯಿರಿ, ತಡದ ಕಾರಣವನ್ನು ಬರಹದಲ್ಲಿ ಕೇಳಿ, ಖರ್ಚಿನ ರಸೀದಿ ಇಟ್ಟುಕೊಳ್ಳಿ. ನೀವೇ ಪ್ರಯಾಣ ಮಾಡಲಾಗದೆ ಉಳಿದ ಟಿಕೆಟ್‌ನಲ್ಲೂ ನಿಲ್ದಾಣದ ಬಳಕೆದಾರ ಶುಲ್ಕ ಮತ್ತು ತೆರಿಗೆಗಳ ಪಾಲನ್ನು ಹಿಂದಿರುಗಿಸಬೇಕು. ಹಣ ವಾಪಸಿಲ್ಲ ಎಂದು ಮುದ್ರಿಸಿದ ಟಿಕೆಟ್‌ಗೂ ಇದು ಅನ್ವಯಿಸುತ್ತದೆ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ.

ಹಂತ 7: ಬ್ಯಾಗು ಬಾರದಿದ್ದರೆ, ಒಡೆದಿದ್ದರೆ

ಬೆಲ್ಟ್ ನಿಂತರೂ ನಿಮ್ಮ ಬ್ಯಾಗು ಕಾಣದಿದ್ದರೆ ಹೊರಗೆ ಹೋಗದೆ ಅಲ್ಲಿಯೇ ಇರುವ ಸಂಸ್ಥೆಯ ಮೇಜಿಗೆ ಹೋಗಿ ದೂರು ಬರೆಸಬೇಕು. ಪಿಐಆರ್ ಎನ್ನುವ ಆ ನಮೂನೆಯ ಪ್ರತಿ ಕೈಗೆ ಬಾರದೆ ನಿಲ್ದಾಣ ಬಿಡಬೇಡಿ. ಬಾಡಿಗೆ ಕಾರು ಹೊರಗೆ ಕಾಯುತ್ತಿದೆ, ಊರು ದೂರವಿದೆ ಎಂಬ ಅವಸರದಲ್ಲಿ ನಾಳೆ ಫೋನ್ ಮಾಡಿದರಾಯಿತು ಎಂದು ಹೊರಟುಬಿಟ್ಟರೆ ಮುಂದೆ ಎಲ್ಲಿಯೂ ನಿಲ್ಲಲು ಆಧಾರ ಇರುವುದಿಲ್ಲ. ಬ್ಯಾಗು ಸಿಕ್ಕಾಗ ಬೆಂಗಳೂರಿಗೆ ಬಂದು ಒಯ್ಯಿರಿ ಎನ್ನದಂತೆ, ಮನೆಯ ಪೂರ್ತಿ ವಿಳಾಸಕ್ಕೆ ತಲುಪಿಸಬೇಕೆಂದು ಆ ನಮೂನೆಯಲ್ಲೇ ಬರೆಸಿ. ಮೂಡಿಗೆರೆಯ ತೋಟದ ಮನೆಯಾದರೆ ಹತ್ತಿರದ ಪೇಟೆಯ ಅಂಗಡಿಯ ಗುರುತನ್ನೂ ಸೇರಿಸಿ.

ವಿದೇಶ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದದ್ದೆಂದು ಎಣಿಸಿ ಪರಿಹಾರ ಕೇಳಬಹುದು. ದೇಶದೊಳಗಿನ ಪ್ರಯಾಣದಲ್ಲಿ ಸಂಸ್ಥೆಯ ಹೊಣೆ ಗರಿಷ್ಠ 20,000 ರೂಪಾಯಿ. ಚಿನ್ನವನ್ನು ಒಳಗೆ ಕಳಿಸುವ ಬ್ಯಾಗಿನಲ್ಲಿ ಇಡಬಾರದೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಹಂತ 8: ದೂರನ್ನು ಊರಿನಿಂದಲೇ ಮುಂದುವರಿಸುವುದು

ಮೊದಲ ದೂರು ಸಂಸ್ಥೆಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮೂಲಕ ಹೋಗಬೇಕು: ಪಿಎನ್‌ಆರ್, ದಿನಾಂಕ, ನಡೆದದ್ದು, ಕೇಳುವ ಮೊತ್ತ, ಇಷ್ಟೇ, ಒಂದು ಪುಟದಲ್ಲಿ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ಅದನ್ನೇ ದಾಖಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಅಷ್ಟಕ್ಕೂ ಬಗೆಹರಿಯದಿದ್ದರೆ ಬೆಂಗಳೂರಿಗೋ ಸಂಸ್ಥೆಯ ಮುಖ್ಯ ಕಚೇರಿ ಇರುವ ದೆಹಲಿ, ಮುಂಬೈಗೋ ಅಲೆಯಬೇಕು ಎಂದುಕೊಂಡು ಅನೇಕರು ಕೈಚೆಲ್ಲುತ್ತಾರೆ. ಹಾಗೆ ಮಾಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಹಾಸನದವರು ಹಾಸನದ, ಚಿಕ್ಕಮಗಳೂರಿನವರು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ತೊಂದರೆ ನಡೆದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಟಿಕೆಟ್, ಬೋರ್ಡಿಂಗ್ ಪಾಸ್, ಬ್ಯಾಗಿನ ಚೀಟಿ, ಪಿಐಆರ್ ಪ್ರತಿ, ಸಂದೇಶಗಳ ಚಿತ್ರ, ರಸೀದಿಗಳು ಮತ್ತು ಸಂಸ್ಥೆಗೆ ಬರೆದ ಇಮೇಲ್‌ಗಳ ಮುದ್ರಿತ ಪ್ರತಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಬೇಕು.